ಗುಳಿಗೆ ನುಂಗಿಸಲು ಕೋರ್ಟಿಗೆ ಹೋಗಬೇಕೆ?



ಕಳೆದ ಸಂಚಿಕೆಯಲ್ಲಿ ಹುಣಸೆ ತೊಕ್ಕಿನ ಬಗ್ಗೆ ಬರೆದಿದ್ದೆ. ಚೆನ್ನಾಗಿ ಬಂತು ಅಂತ ಕೆಲವರು, ಬೂಸರು ಬಂತು ಅಂತ ಕೆಲವರು ಪತ್ರ ಹಾಕಿದ್ದೀರಿ. ಅದಕ್ಕೆಲ್ಲ ಉತ್ತರ ಮುಂದಿನ ಸಲ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಪತ್ರಗಳ ನಡುವೆ ಭಾಲ್ಕಿ ತಾಲೂಕಿನ ಒಬ್ಬ ಸೋದರಿಯ ಪತ್ರವೂ ಇತ್ತು. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವರ ಯಜಮಾನರಿಗೆ ಮೂರು ವರ್ಷದ ಹಿಂದೆ ಮನಸ್ಸಿನ ಕಾಯಿಲೆ ಶುರುವಾಯಿತಂತೆ. ಬೀದರಿನ ಡಾಕ್ಟರರು ನೋಡಿ ಸ್ಕಿಜೋಫ್ರೇನಿಯಾ ಎಂದು ಹೇಳಿ ಗುಳಿಗೆ ಬರೆದರು. ಒಂದು ವರ್ಷ ಗುಳಿಗೆ ನುಂಗಿ ಮನುಷ್ಯ ಹೂವಿನಂತಾದರು, ಹೊಲಕ್ಕೆ ಹೋದರು, ಮಗಳನ್ನು ಶಾಲೆಗೆ ಬಿಟ್ಟು ಬಂದರು. "ಆರಾಮ ಆಗ್ಯಾದ, ಇನ್ಯಾಕ ಗುಳಿಗಿ?" ಎಂದು ಬಿಟ್ಟುಬಿಟ್ಟರು. ಈಗ ನಾಲ್ಕು ತಿಂಗಳಿಂದ ರಾತ್ರಿಯೆಲ್ಲ ಎದ್ದು ಕೂಡುತ್ತಾರೆ, ನೆರೆಯವರು ತಮ್ಮ ಮೇಲೆ ಏನೋ ಮಾಡಿಸಿದ್ದಾರೆ ಎನ್ನುತ್ತಾರೆ, ಹೆಂಡತಿ ಬಾವಿಗೆ ಹೋಗಿ ಬಂದರೂ ಸಂಶಯ. ಅತ್ತೆಯವರು ಗಾಳಿ ಬಡಿದಿದೆ ಎಂದು ದೇವರ ಗುಡಿಗೆ ತಿರುಗಿಸುತ್ತಿದ್ದಾರೆ. ಗುಳಿಗೆಯ ಮಾತೆತ್ತಿದರೆ ತಾಟು ಎತ್ತಿ ಒಗೆಯುತ್ತಾರೆ.

ಆ ಸೋದರಿ ಮೂರು ಪ್ರಶ್ನೆ ಕೇಳಿದ್ದಾರೆ. ಅವರ ಮಾತಿನಲ್ಲೇ ಕೊಡುತ್ತೇನೆ:

"ಅಕ್ಕಾ, ಕೋರ್ಟಿನಿಂದ ಆರ್ಡರ್ ತಂದು ಇವರಿಗೆ ಗುಳಿಗಿ ನುಂಗಸ್ಲಿಕ್ಕ ಬರ್ತದೇನು? ಅದು ಆಗೂದಿಲ್ಲಂದ್ರ ಚಹಾದಾಗ ಹಾಕಿ ಕೊಡ್ಲಾ? ಅದೂ ಆಗಲಿಲ್ಲಂದ್ರ ಮಗಳನ್ನ ಕರಕೊಂಡು ತವರಿಗೆ ಹೋಗಿಬಿಡ್ಲಾ?"

ನಾನು ಹತ್ತನೆಯ ಇಯತ್ತೆ ಓದಿದವಳು. ಕಾಯ್ದೆಯ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ. ಅದಕ್ಕೆಂದೇ ವಕೀಲಿ ಮಾಡುವ ನನ್ನ ಅಣ್ಣನ ಮಗನನ್ನು ಎರಡು ದಿನ ಮನೆಗೆ ಕರೆಸಿ, ರೊಟ್ಟಿ ಪುಂಡಿಪಲ್ಲೆ ಉಣಿಸಿ, ಕಾಯ್ದೆ ಪುಸ್ತಕವನ್ನು ಕಲಮು ಕಲಮಾಗಿ ಓದಿಸಿದೆ. ಆದರೆ ಎರಡನೆಯ ಪ್ರಶ್ನೆಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಅದರ ಉತ್ತರ ನಮ್ಮ ಮನೆಯಲ್ಲೇ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನ ತವರು ಔರಾದ ಕಡೆಯ ಒಂದು ಹಳ್ಳಿ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ಕಾಕಾನಿಗೆ ಇದೇ ಕಾಯಿಲೆ ಬಂತು. ಇಪ್ಪತ್ತಾರು ವರ್ಷದ ಗಟ್ಟಿ ಆಳು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದ. ಒಂದು ರಾತ್ರಿ ಕೊಡಲಿ ಹಿಡಿದು ಅಂಗಳಕ್ಕೆ ಇಳಿದಾಗ ನಮ್ಮಪ್ಪ ಮತ್ತು ಓಣಿಯ ನಾಲ್ಕು ಜನ ಸೇರಿ ಎತ್ತಿನ ಹಗ್ಗದಿಂದ ದನದ ಕೊಟ್ಟಿಗೆಯಲ್ಲಿ ಕಟ್ಟಿದರು. ಎರಡು ದಿನ ಹಾಗೇ ಇದ್ದ. ನಮ್ಮ ಆಯಿ ಕೊಟ್ಟಿಗೆಯ ಬಾಗಿಲಲ್ಲೇ ಕೂತು ಅತ್ತಳು. ಮೂರನೆಯ ದಿನ ಜೀಪು ಮಾಡಿ ದೂರದ ಊರಿನ ದವಾಖಾನೆಗೆ ಒಯ್ದರು. ನಲವತ್ತು ದಿನದ ಮೇಲೆ ಕಾಕಾ ತಾನಾಗಿ ನಡೆದು ಮನೆಗೆ ಬಂದ.

ಬಂದಮೇಲೆ ಗುಳಿಗೆ ಬೇಡ ಅಂದ. ನಮ್ಮ ಆಯಿಗೆ ಯಾರೋ ಉಪಾಯ ಹೇಳಿಕೊಟ್ಟರು. ಗುಳಿಗೆ ಅರೆದು ಅಂಬಲಿಯಲ್ಲಿ ಕದಡಿ ಕೊಡುವುದು. ಅರೆಯುವ ಕೆಲಸ ನನ್ನದು. ಸಣ್ಣ ಕಲ್ಲಿನಲ್ಲಿ ಅರೆದು, ಮೇಲೆ ಉಪ್ಪು ಜೀರಿಗೆ ಹಾಕುತ್ತಿದ್ದೆ, ಕಹಿ ಗೊತ್ತಾಗಬಾರದು ಅಂತ. ಆರು ತಿಂಗಳು ನಡೆಯಿತು. ಕಾಕಾ ಆರಾಮವಾಗಿದ್ದ. ನಾವು ಗೆದ್ದೆವು ಎಂದುಕೊಂಡೆವು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಮನೆ ತುಂಬ ಹೆಣ್ಣುಮಕ್ಕಳು ಭಜ್ಜಿಗೆ ಕಾಳು ಸೋಸುತ್ತ ಕೂತಿದ್ದರು. ನಾನು ಮೂಲೆಯಲ್ಲಿ ಗುಳಿಗೆ ಅರೆಯುತ್ತಿದ್ದಾಗ ಕಾಕಾ ನೀರು ಕುಡಿಯಲೆಂದು ಒಳಗೆ ಬಂದ. ಕಲ್ಲು ನೋಡಿದ, ನನ್ನ ಮಾರಿ ನೋಡಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದ, "ತಂಗೀ, ನೀನೂ?"

ಆಮೇಲೆ ಆಯಿಗೆ ಹೇಳಿದ, "ಕಿವ್ಯಾಗಿನ ಮಾತು ದಿನಾ ಹೇಳ್ತಿತ್ತು, ಇವರು ನಿನ್ನ ಅನ್ನದಾಗ ಏನೋ ಹಾಕ್ಲತ್ತಾರ ಅಂತ. ಅದು ಸುಳ್ಳು, ಅದು ರೋಗ ಅಂತ ನನಗ ನಾನೇ ಹೇಳ್ಕೊಂಡು ಉಣ್ತಿದ್ದೆ. ಈಗ ನೋಡಿದ್ರ ಆ ಮಾತೇ ಖರೆ, ನೀವೇ ಸುಳ್ಳು. ಇನ್ನ ಯಾರ ಮ್ಯಾಲೆ ಭರೋಸಾ ಇಡ್ಲಿ?"

ಅವತ್ತಿನಿಂದ ಏಳು ತಿಂಗಳು ಕಾಕಾ ನಮ್ಮ ಮನೆಯ ಅನ್ನ ಮುಟ್ಟಲಿಲ್ಲ. ತಾನೇ ಒಲೆ ಹೂಡಿ ಬರೀ ಕಿಚಡಿ ಬೇಯಿಸಿಕೊಳ್ಳುತ್ತಿದ್ದ. ಗುಳಿಗೆಯಂತೂ ನಿಂತೇಹೋಯಿತು. ಮಳೆಗಾಲ ಬರುವುದರೊಳಗೆ ರೋಗ ಮೊದಲಿಗಿಂತ ಜೋರಾಗಿ ಮರಳಿ ಬಂತು.

ಆದ್ದರಿಂದ, ತಂಗಿ, ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಚಹಾದಲ್ಲಿ ಹಾಕಬೇಡಿ. ಸಂಶಯವೇ ಅವರ ರೋಗದ ಗುಣ. ನಾವು ಕದ್ದು ಹಾಕಿದರೆ ಆ ಸಂಶಯವನ್ನು ನಿಜ ಮಾಡಿ ಕೈಗೆ ಕೊಟ್ಟಂತೆ. ಎಷ್ಟು ಗುಳಿಗೆ ಹೊಟ್ಟೆಗೆ ಹೋಯಿತು ಅನ್ನುವ ಲೆಕ್ಕವೂ ತಪ್ಪುತ್ತದೆ. ಇಂದು ಅರ್ಧ ಲೋಟ ಕುಡಿಯುತ್ತಾರೆ, ನಾಳೆ ಚೆಲ್ಲುತ್ತಾರೆ. ಕೆಲವು ಗುಳಿಗೆಗಳನ್ನು ಅರೆಯಲೇ ಬಾರದು ಎಂದೂ ಡಾಕ್ಟರರು ಹೇಳುತ್ತಾರೆ. ಈಗಾಗಲೇ ಹಾಗೆ ಕೊಡುತ್ತಿರುವ ಸೋದರಿಯರಿದ್ದರೆ ನಾಚಿಕೊಳ್ಳಬೇಡಿ, ನಾವೂ ಮಾಡಿದ್ದೆವು. ಒಮ್ಮೆಲೇ ನಿಲ್ಲಿಸಲೂ ಬೇಡಿ. ಡಾಕ್ಟರರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಮುಂದಿನ ದಾರಿ ಕೇಳಿ.

ಇನ್ನು ಕೋರ್ಟಿನ ಪ್ರಶ್ನೆ.

ನಮ್ಮ ದೇಶದಲ್ಲಿ ಬ್ರಿಟಿಷರು 1912ರಲ್ಲಿ ಹುಚ್ಚರ ಕಾಯ್ದೆ ಎಂದೇ ಹೆಸರಿಟ್ಟು ಒಂದು ಕಾಯ್ದೆ ಮಾಡಿದ್ದರು. ಮ್ಯಾಜಿಸ್ಟ್ರೇಟರು ಆಜ್ಞೆ ಬರೆದರೆ ಆಸ್ಪತ್ರೆಯ ಗೋಡೆಯೊಳಗೆ ಹಾಕುವುದೇ ಅದರ ಮುಖ್ಯ ಕೆಲಸ. ಅದರ ಜಾಗಕ್ಕೆ 1987ರ ಕಾಯ್ದೆ ಬಂತು, 1993ರಿಂದ ಜಾರಿಯಾಯಿತು. ಈಗ ನಡೆಯುತ್ತಿರುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ. ಇದು 2018ರಲ್ಲಿ ಜಾರಿಗೆ ಬಂತು. ಈ ಕಾಯ್ದೆಯಲ್ಲಿ, ಮನೆಯಲ್ಲಿರುವ ಮನುಷ್ಯನಿಗೆ "ದಿನಾ ಇಂಥ ಗುಳಿಗೆ ನುಂಗು, ತಿಂಗಳಿಗೊಮ್ಮೆ ದವಾಖಾನೆಗೆ ಹೋಗು" ಎಂದು ಕೋರ್ಟು ಹುಕುಂ ಮಾಡುವ ಕಲಮು ಇಲ್ಲ.

ಪರದೇಶದಲ್ಲಿ ಅಂಥ ಹುಕುಂ ಇದೆ. 1999ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಕೆಂಡ್ರಾ ವೆಬ್‌ಡೇಲ್ ಎಂಬ 32 ವರ್ಷದ ಹೆಣ್ಣುಮಗಳನ್ನು ಮನೋರೋಗಿಯೊಬ್ಬ ರೈಲಿನ ಮುಂದೆ ನೂಕಿಬಿಟ್ಟ. ಆಕೆ ತೀರಿಹೋದಳು. ಅದೇ ವರ್ಷ ಆಕೆಯ ಹೆಸರಿನಲ್ಲೇ ಕಾಯ್ದೆ ಬಂತು. ನ್ಯಾಯಾಧೀಶರು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬೇಕೆಂದು ಆಜ್ಞೆ ಮಾಡಬಹುದು. ಆದರೆ ಅಲ್ಲಿಯೂ ಬಾಯಿ ತೆರೆಸಿ ನುಂಗಿಸುವುದಿಲ್ಲ. ಕೇಳದಿದ್ದರೆ ಪರೀಕ್ಷೆಗೆಂದು 72 ಗಂಟೆಯ ತನಕ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದು, ಅಷ್ಟೆ. ಇನ್ನೊಂದು ಮಾತು ಕೇಳಿದರೆ ಕರುಳು ಚುರುಕ್ ಎನ್ನುತ್ತದೆ. ಆ ರೋಗಿ ಅದಕ್ಕಿಂತ ಮೊದಲು ತಾನೇ ಸಹಾಯ ಬೇಡಿ ಆಸ್ಪತ್ರೆಗಳ ಬಾಗಿಲಿಗೆ ಮತ್ತೆ ಮತ್ತೆ ಹೋಗಿದ್ದನಂತೆ.

ಇಂಗ್ಲೆಂಡಿನಲ್ಲಿಯೂ 2008ರಿಂದ ಇಂಥ ಆಜ್ಞೆ ಇದೆ. ಅದರಿಂದ ಉಪಯೋಗವಾಯಿತೇ ಎಂದು ಅಲ್ಲಿನ ಡಾಕ್ಟರರೇ ಪರೀಕ್ಷಿಸಿ 2013ರಲ್ಲಿ ಬರೆದರು. ಆಜ್ಞೆಯ ಗುಂಪಿನಲ್ಲೂ, ಆಜ್ಞೆಯಿಲ್ಲದ ಗುಂಪಿನಲ್ಲೂ ಒಂದು ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರಿದವರು ನೂರಕ್ಕೆ 36 ಮಂದಿ. ಎರಡೂ ಕಡೆ ಸಮ. ಹುಕುಮಿನ ಕಾಗದ ಗುಳಿಗೆಯ ಕೆಲಸ ಮಾಡಲಿಲ್ಲ ಎಂದಾಯಿತು.

ಹಾಗಾದರೆ ನಮ್ಮ ಕಾಯ್ದೆಯಲ್ಲಿ ನಮಗೇನೂ ದಾರಿಯಿಲ್ಲವೇ ಎಂದು ಕೈ ಚೆಲ್ಲಬೇಡಿ. ಇದೆ. ನಾಲ್ಕು ಮಾತು ನೆನಪಿಡಿ.

ಒಂದನೆಯದು: ರೋಗಿ ತನಗೆ ಅಥವಾ ಇತರರಿಗೆ ಪೆಟ್ಟು ಮಾಡುವಷ್ಟು, ಅಥವಾ ತನ್ನ ಮೈ ತಾನು ನೋಡಿಕೊಳ್ಳಲಾರದಷ್ಟು ಕೆಟ್ಟಿದ್ದರೆ, ಅವರು ಒಪ್ಪದಿದ್ದರೂ ಆಸ್ಪತ್ರೆಗೆ ಸೇರಿಸಬಹುದು. ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ನೋಡಿ ಹೌದು ಎನ್ನಬೇಕು. ಮೊದಲ ಸಲ 30 ದಿನಕ್ಕಿಂತ ಹೆಚ್ಚು ಇಲ್ಲ. ಇದಕ್ಕೆ ಕೋರ್ಟು ಬೇಡ. ಸೇರಿಸಿದ್ದನ್ನು ಆಸ್ಪತ್ರೆಯವರು ಪರಿಶೀಲನಾ ಮಂಡಳಿಗೆ ಏಳು ದಿನದೊಳಗೆ ತಿಳಿಸಬೇಕು. ರೋಗಿ ಹೆಣ್ಣಾಗಿದ್ದರೆ ಮೂರೇ ದಿನದೊಳಗೆ. ಬೇಡಾದ ಹೆಂಡತಿಗೆ ಹುಚ್ಚಿ ಎಂದು ಹಣೆಪಟ್ಟಿ ಹಚ್ಚಿ ಆಸ್ಪತ್ರೆಗೆ ನೂಕಿ ಬಂದವರಿದ್ದಾರಲ್ಲ, ಅದನ್ನು ತಡೆಯಲಿಕ್ಕೆ ಈ ಮಾತು ಒಳ್ಳೆಯದು.

ಎರಡನೆಯದು: ಈಗಿಂದೀಗ ಜೀವಕ್ಕೆ ಅಪಾಯ ಎನ್ನುವಂತಿದ್ದರೆ ಯಾವ ನೋಂದಾಯಿತ ಡಾಕ್ಟರಾದರೂ, ಮನೆಗೇ ಬಂದಾದರೂ, 72 ಗಂಟೆಯ ತನಕ ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಬೇಕೆಂದಿಲ್ಲ.

ಮೂರನೆಯದು: ದಿಕ್ಕಿಲ್ಲದೆ ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯೊಳಗೆ ರೋಗಿಯನ್ನು ಹೊಡೆಯುತ್ತಿದ್ದರೆ, ಉಪವಾಸ ಕೆಡವಿದ್ದರೆ, ಕಂಡವರು ಠಾಣೆಗೆ ತಿಳಿಸಬೇಕು. ಪೊಲೀಸರು ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಮ್ಯಾಜಿಸ್ಟ್ರೇಟರು ಪರೀಕ್ಷೆಗಾಗಿ 10 ದಿನದ ತನಕ ಆಸ್ಪತ್ರೆಯಲ್ಲಿ ಇಡಲು ಆಜ್ಞೆ ಮಾಡಬಹುದು. ಕೋರ್ಟಿನ ಕೈ ಇಲ್ಲಿದೆ. ಗುಳಿಗೆ ನುಂಗಿಸಲಿಕ್ಕಲ್ಲ, ನರಳುವವರನ್ನು ಬಿಡಿಸಲಿಕ್ಕೆ.

ನಾಲ್ಕನೆಯದು: ಸರಪಳಿ ಹಾಕಿ ಕಟ್ಟುವುದು ಈ ಕಾಯ್ದೆಯ ಪ್ರಕಾರ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಬಳಿಯ ಒಂದು ಮನೋರೋಗಿಗಳ ಮನೆಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರಿಗೆ ಓಡಲಿಕ್ಕೆ ಆಗಲಿಲ್ಲ. 28 ಜನ ಸುಟ್ಟುಹೋದರು. ಆ ಸುದ್ದಿ ಕೇಳಿದಾಗ ನನಗೆ ಕಣ್ಣ ಮುಂದೆ ಬಂದದ್ದು ನಮ್ಮ ದನದ ಕೊಟ್ಟಿಗೆ. ಅಲ್ಲಿ ಹೊಟ್ಟು, ಕಣಕಿ ಒಟ್ಟಿತ್ತು, ಕಂದೀಲು ತೂಗಿತ್ತು.

ಈಗ ಅತಿ ಮುಖ್ಯವಾದ ಮಾತು. ಹುಕುಮಿಲ್ಲದೆ, ಕಳ್ಳತನವಿಲ್ಲದೆ ನಮ್ಮ ಕಾಕಾ ಗುಳಿಗೆಗೆ ಒಪ್ಪಿದ್ದು ಹೇಗೆ?

ಎರಡನೆಯ ಸಲ ದವಾಖಾನೆಗೆ ಹೋದಾಗ ಒಬ್ಬ ವಯಸ್ಸಾದ ಡಾಕ್ಟರರು ಅವನನ್ನು ಕೂಡಿಸಿಕೊಂಡು, "ಯಾಕಪ್ಪಾ ಗುಳಿಗೆ ಬಿಟ್ಟೆ?" ಎಂದು ಕೇಳಿದರು. ನಾವು ಮನೆಯವರು ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ, ನೋಡಿ! "ತಗೋ, ತಗೋ" ಎಂದು ಮಾತ್ರ ಅಂದಿದ್ದೆವು. ಕಾಕಾ ಹೇಳಿದ, "ಸಾಹೇಬ್ರ, ನುಂಗಿದ್ರ ಕೈ ನಡಗ್ತಾವ, ನಾಲಿಗಿ ದಪ್ಪ ಆಗ್ತದ, ಮಧ್ಯಾಹ್ನದ ತನಕ ಏಳ್ಲಿಕ್ಕ ಆಗೂದಿಲ್ಲ. ಬಿತ್ತಿಗಿ ಕೂರಿಗಿ ಹಿಡಿಲಿಕ್ಕ ಬರೂದಿಲ್ಲ. ಗಂಡಸಾಗಿ ಹ್ಯಾಂಗ ಕೂಡ್ಲಿ?" ಡಾಕ್ಟರರು ಗುಳಿಗೆ ಬದಲಿಸಿದರು, ನಡುಕಕ್ಕೆ ಬೇರೆ ಗುಳಿಗೆ ಕೊಟ್ಟರು, ಹಗಲಿನದನ್ನು ರಾತ್ರಿಗೆ ಹಾಕಿದರು. ಆಮೇಲಾಮೇಲೆ ತಿಂಗಳಿಗೊಂದು ಇಂಜೆಕ್ಷನ್ ಮಾಡಿದರು. ದಿನಾ ಗುಳಿಗೆ ಎಣಿಸುವ ಕಾಟವೇ ತಪ್ಪಿತು. ಕಾಕಾ ತಾನೇ ಬಸ್ಸು ಹತ್ತಿ ಹೋಗಿ ಸೂಜಿ ಮಾಡಿಸಿಕೊಂಡು ಬರುತ್ತಿದ್ದ.

ಆರಾಮವಾದ ಮೇಲೆ ಒಂದು ದಿನ ನಮ್ಮಪ್ಪನನ್ನು ಕೂಡಿಸಿಕೊಂಡು ಕರಾರು ಮಾಡಿದ: "ಅಣ್ಣಾ, ನಾನು ಮೂರು ರಾತ್ರಿ ನಿದ್ದಿ ಮಾಡ್ಲಿಲ್ಲಂದ್ರ ರೋಗ ಬರ್ಲತ್ತದಂತ ತಿಳ್ಕೊ. ಆವಾಗ ನಾನು ಬ್ಯಾಡ ಅಂದ್ರೂ ದವಾಖಾನಿಗಿ ಒಯ್ಯಿ. ಖರೆ ಹಗ್ಗ ಮಾತ್ರ ತರಬ್ಯಾಡ." ಅಂಥ ಪ್ರಸಂಗ ಮುಂದೆ ಎರಡು ಸಲ ಬಂತು. ಎರಡೂ ಸಲ ಅಪ್ಪ ಆ ಮಾತು ನೆನಪು ಮಾಡಿಕೊಟ್ಟ, ಕಾಕಾ ಎದ್ದು ಬಂದ.

ಅಣ್ಣನ ಮಗ ಕಾಯ್ದೆ ಓದುವಾಗ ನಾನು ದಂಗಾದೆ. ಕಾಕಾ ಮಾಡಿದ ಕರಾರೇ ಈಗ ಕಾಯ್ದೆಯಲ್ಲಿದೆ! ಅದಕ್ಕೆ ಮುಂಗಡ ನಿರ್ದೇಶನ ಎಂದು ಹೆಸರು. ಮನಸ್ಸು ಸ್ಥಿಮಿತದಲ್ಲಿದ್ದಾಗಲೇ, ಮುಂದೆ ರೋಗ ಬಂದರೆ ಹೇಗೆ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ಮಾತಾಡಲು ನಂಬಿಕೆಯ ಒಬ್ಬರನ್ನು ಪ್ರತಿನಿಧಿ ಎಂದು ನೇಮಿಸಬಹುದು. ನೇಮಕಕ್ಕೆ ಸ್ಟಾಂಪು ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ನಡೆಯುತ್ತದೆ. ಕೋರ್ಟು ಹೊರಗಿನಿಂದ ಹಾಕುವ ಹುಕುಮಿಗಿಂತ ಮನುಷ್ಯ ತನಗೆ ತಾನೇ ಹಾಕಿಕೊಂಡ ಹುಕುಂ ಗಟ್ಟಿ ಎಂಬುದು ನನ್ನ ಅನುಭವ.

ಮನೆಯಲ್ಲಿ ಇಂಥವರಿದ್ದರೆ ನಾವು ಹೆಂಗಸರು ಮಾಡಬಹುದಾದ ಕೆಲವು ಮಾತು ಬರೆಯುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಆರಾಮವಾದ ಕೂಡಲೇ ಗುಳಿಗೆ ಬಿಡುವಂತಿಲ್ಲ. ಬಿಟ್ಟ ಮರುದಿನವೇ ಏನೂ ಆಗುವುದಿಲ್ಲ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ರೋಗ ಮರಳುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ. ಕಡಿಮೆ ಮಾಡುವುದಿದ್ದರೆ ಡಾಕ್ಟರರೇ ಮಾಡಬೇಕು.

2. "ಯಾಕೆ ಬೇಡ?" ಎಂದು ಕೇಳಿ. ನಡುಕ, ನಿದ್ದೆ, ಮೈ ಬರುವುದು, ದಾಂಪತ್ಯದ ತೊಂದರೆ, ಏನೇ ಇರಲಿ, ಒಂದು ಚೀಟಿಯಲ್ಲಿ ಬರೆದು ಡಾಕ್ಟರರಿಗೆ ತೋರಿಸಿ. ತಿಂಗಳ ಇಂಜೆಕ್ಷನ್ ಆಗುತ್ತದೆಯೇ ಕೇಳಿ.

3. ಅವರ ಕಿವಿಗೆ ಕೇಳುವುದು ಸುಳ್ಳು ಎಂದು ವಾದಕ್ಕೆ ಇಳಿಯಬೇಡಿ. ಹೌದೆನ್ನಲೂ ಬೇಡಿ. "ನಿಮಗೆ ಅಂಜಿಕೆ ಆಗ್ಯಾದ, ನಿದ್ದಿ ಇಲ್ಲ, ನಿದ್ದಿಗಾಗಿ ಡಾಕ್ಟರ್ ಕಡೆ ಹೋಗೋಣ" ಎಂದರೆ ಬರುವವರು ಬಹಳ.

4. ಗುಡಿಗೆ, ದರ್ಗಾಕ್ಕೆ ನಡೆದುಕೊಳ್ಳುವುದನ್ನು ನಾನು ಬೇಡ ಎನ್ನುವುದಿಲ್ಲ. ಅತ್ತೆಯ ಜೊತೆ ಜಗಳ ಬೇಡ. ತಾಯತವೂ ಇರಲಿ, ಗುಳಿಗೆಯೂ ಇರಲಿ. ಗುಳಿಗೆ ಬಿಡಿ ಎನ್ನುವ ಕಡೆ ಮಾತ್ರ ಹೋಗಬೇಡಿ.

5. ಆಸ್ಪತ್ರೆಯಿಂದ ಬಿಡುವಾಗ ಮುಂದಿನ ಚಿಕಿತ್ಸೆ ಹೇಗೆ ಎಂದು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡುವುದು ಕಾಯ್ದೆಯ ಪ್ರಕಾರ ಡಾಕ್ಟರರ ಕರ್ತವ್ಯ. ಕೇಳಿ ಬರೆಸಿಕೊಂಡು ಬನ್ನಿ.

6. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ತನಕ ಓಡುವ ಮೊದಲು ಹತ್ತಿರದಲ್ಲಿ ಕೇಳಿ. ತಾಲೂಕು ಆಸ್ಪತ್ರೆಗೆ ಮಂಗಳವಾರದ ದಿನ ಮನೋವೈದ್ಯರು ಬರುವ "ಮನೋಚೈತನ್ಯ" ಎಂಬ ಏರ್ಪಾಟನ್ನು ನಮ್ಮ ಸರ್ಕಾರ 2014ರಲ್ಲಿ ಶುರುಮಾಡಿತು. ನಿಮ್ಮ ತಾಲೂಕಿಗೆ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಪುಕ್ಕಟೆ ಫೋನ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.

7. ಸಾಯುತ್ತೇನೆ ಎಂಬ ಮಾತು ಬಾಯಿಂದ ಬಂದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಹೊಲದ ಔಷಧ, ಹಗ್ಗ, ಕುಡಗೋಲು ಕೈಗೆ ಸಿಗದಂತೆ ಇಡಿ, ಒಬ್ಬರೇ ಬಿಡಬೇಡಿ, ಅದೇ ದಿನ ಡಾಕ್ಟರರನ್ನು ಕಾಣಿ.

ಕೊನೆಗೆ ತಂಗಿಯ ಮೂರನೆಯ ಪ್ರಶ್ನೆ, ತವರಿಗೆ ಹೋಗುವ ಮಾತು. ಇದಕ್ಕೆ ಹೌದು ಅಲ್ಲ ಎಂದು ಇಲ್ಲಿ ಕೂತು ಹೇಳಲು ನಾನು ಯಾರು? ಆದರೂ ಅಕ್ಕ ಎಂದು ಕರೆದಿದ್ದೀರಿ, ಹೇಳುತ್ತೇನೆ. ಅವರು ಕೈ ಎತ್ತಿದರೆ, ಮಗಳು ಅಂಜಿ ನಡುಗಿದರೆ, ಆ ರಾತ್ರಿಯೇ ಹೊರಗೆ ಬನ್ನಿ. ರೋಗದಿಂದ ಹೊಡೆದರೂ ಪೆಟ್ಟು ಪೆಟ್ಟೇ. ನಾಲ್ಕು ದಿನ ತವರಲ್ಲಿದ್ದರೆ ಗಂಡನನ್ನು ಬಿಟ್ಟಂತೆ ಆಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಬೆನ್ನಿಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಬೀದರಿಗೆ ಬಂದಾಗ ಹೋಗಿ ಕೇಳಿ.

ಅಂಥ ಅಪಾಯ ಇಲ್ಲದಿದ್ದರೆ, ಹೋಗುವ ಮೊದಲು ಒಂದು ಸಲ, ಅವರ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ, ಎದುರಿಗೆ ಕೂತು ಕೇಳಿ ನೋಡಿ: "ಗುಳಿಗಿ ಯಾಕ ಬ್ಯಾಡಾಗ್ಯಾದ, ನನಗ ಹೇಳ್ರಿ." ಅವರ ತಮ್ಮನೋ, ಗೆಳೆಯನೋ, ಅವರು ಮಾತು ಕೇಳುವಂಥ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಲ್ಲ ಹೊರೆ ಹೆಂಡತಿಯ ತಲೆಯ ಮೇಲೆಯೇ ಯಾಕಿರಬೇಕು?

ನಮ್ಮ ಕಾಕಾ ಈಗ ಅರವತ್ತರ ಹತ್ತಿರ. ಲಗ್ನವಾಗಲಿಲ್ಲ, ಎರಡು ಎಕರೆ ತೊಗರಿ ಬೆಳೆಯುತ್ತಾನೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಬರೀ ತಂಗೀ, ಹೆಸರು ಮಾತ್ರ ಬ್ಯಾಡ" ಎಂದ. ಹೋದ ಎಳ್ಳ ಅಮಾವಾಸ್ಯೆಗೆ ನಮ್ಮ ಕೊಳಾರದ ಮನೆಗೆ ಬಂದಿದ್ದ. ನಾನು ಅಂಬಲಿಯ ಗಡಿಗೆ ಮುಂದಿಟ್ಟೆ. ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ನಕ್ಕು, "ಏನೂ ಹಾಕಿಲ್ಲಲ್ಲ?" ಎಂದು ಕೇಳಿ ಗಟಗಟ ಕುಡಿದ. ಕುಡಿದಾದ ಮೇಲೆ ಅಂಗಿಯ ಕಿಸೆಯಿಂದ ತನ್ನ ರಾತ್ರಿಯ ಗುಳಿಗೆ ತೆಗೆದು, ನನ್ನ ಮುಂದೆಯೇ ನುಂಗಿದ.

ಭಾಲ್ಕಿಯ ತಂಗಿ, ಏನಾಯಿತು ಎಂದು ತಪ್ಪದೆ ಪತ್ರ ಬರೆಯಿರಿ. ಕಾಯುತ್ತಿರುತ್ತೇನೆ.

ಮುಂದಿನ ಸಂಚಿಕೆಯಲ್ಲಿ ತೊಕ್ಕಿನ ಬೂಸರಿನ ವಿಚಾರ.

ನಿಮ್ಮ ಅಕ್ಕ